ಮೇಜು ತಟ್ಟುವವಳು

ಮಾರ್ಚ್ 3
ಇವತ್ತೂ ಅದೇ. ನಾದಿನಿ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ಎದುರು ಕೂತು ಪ್ರೂಫ್ ತಿದ್ದುವುದು. ಮಕ್ಕಳ ಇಂಗ್ಲಿಷ್ ನಿಘಂಟು. ಜೋಡಿಪದಗಳದ್ದೇ ಕಾಟ. ಬೆಡ್‌ರೂಮ್ ಕೂಡಿಸಿ ಬರೆಯಬೇಕಂತೆ, ಲಿವಿಂಗ್ ರೂಮ್ ಬಿಡಿಸಿ. ಮಲಗುವಾಗ ಕೂಡಿರಿ, ಎದ್ದ ಮೇಲೆ ದೂರ ಇರಿ ಅಂತಲೋ ಏನೋ! ಓದಿದರೆ ಕಿವಿಗೆ ಎರಡೂ ಒಂದೇ. ಅದಕ್ಕೇ ನಮ್ಮದೊಂದು ಪದ್ಧತಿ — ಬಿಡಿಸಿ ಬರೆದಿದ್ದರೆ ನಡುವೆ ಅವಳು ಪೆನ್ಸಿಲಿನಿಂದ ಮೇಜು ತಟ್ಟುತ್ತಾಳೆ. ತಟ್ಟದಿದ್ದರೆ ಒಂದೇ ಪದ. ಪ್ರೂಫಿನಲ್ಲಿ ಬಿಡಿಸಿದ್ದರೆ ನಾನು ಎರಡರ ನಡುವೆ ಕಮಾನು ಗುರುತು ಎಳೆದು ಕೂಡಿಸುತ್ತೇನೆ.

ಇತ್ತೀಚೆಗೆ ಸಿಕ್ಕಾಪಟ್ಟೆ ಕಮಾನು ಎಳೆಯುತ್ತಿದ್ದೇನೆ. ಟೈಪ್ ಮಾಡುವವನಿಗೆ ಬುದ್ಧಿಯಿಲ್ಲ.

ಮಾರ್ಚ್ 6
ಪ್ರೆಸ್ಸಿನ ಯಜಮಾನರು ಕರೆಸಿದ್ದರು. ಮೊದಲ ಭಾಗ ಅಚ್ಚಾಗಿದೆ. ಬಸ್ ಸ್ಟಾಪ್, ಪೋಸ್ಟ್ ಆಫೀಸ್... ಬಿಡಿಸಿರಬೇಕಾದವೆಲ್ಲ ಅಂಟಿಕೊಂಡು ಕೂತಿವೆ.
"ಗಮನ ಎಲ್ಲಿಟ್ಕೊಂಡಿದ್ರಿ?"
ಮೈಯೆಲ್ಲ ಉರಿಯಿತು. "ಅವಳು ತಟ್ಟಲಿಲ್ಲ, ನಾನೇನ್ ಮಾಡ್ಲಿ?" ಅಂದುಬಿಟ್ಟೆ.
ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಹೊರಗೆ ಬಂದ ಮೇಲೆ, "ತಟ್ಟಿದ್ದೆ ಅತ್ತಿಗೆ" ಎಂದಳು.
"ಎಲ್ಲಿ? ನಿನ್ನ ತಲೆ ಮೇಲಾ?"
ಊಟ ಸೇರಲಿಲ್ಲ.

ಮಾರ್ಚ್ 7
ಮಾತಿಲ್ಲ ಕತೆಯಿಲ್ಲ. ಒಂದೇ ಮನೆ, ಒಂದೇ ಬಸ್ಸು, ಒಂದೇ ಮೇಜು — ಮುಖ ಮಾತ್ರ ಒಬ್ಬೊಬ್ಬರದು ಒಂದೊಂದು ಕಡೆ. "ಏನಾಯ್ತು ನಿಮ್ಮಿಬ್ಬರಿಗೂ?" ಎಂದರು ಇವರು. "ನಿಮ್ಮ ತಂಗೀನೇ ಕೇಳಿ."
ಮುಂದಿನ ವಾರ ಮುಗಿದ ಮೇಲೆ ಅವಳು ಬರುವುದು ಬೇಡ ಎಂದಿದ್ದಾರಂತೆ ಯಜಮಾನರು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ತಲೆಯೆತ್ತಿ ನಡೆದದ್ದೇ ಈ ಕೆಲಸದಿಂದ. ಸೇರಿಸಿದವಳೂ ನಾನೇ.

ಮಾರ್ಚ್ 11
ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ.
ಇವತ್ತು ಅವಳ ಮುಖ ಬಿಟ್ಟು ಕೈ ನೋಡಿದೆ. ಪೆನ್ಸಿಲು ಎದ್ದಿತು, ಮೇಜಿಗೆ ಬಿತ್ತು. ಸದ್ದಿಲ್ಲ. ಮತ್ತೆ ಬಿತ್ತು. ಇಲ್ಲ.
ಕೈ ತೊಳೆಯುವ ನೆಪದಲ್ಲಿ ಹೋಗಿ ನಲ್ಲಿ ತಿರುಗಿಸಿದೆ. ನೀರು ಬೀಳುವುದು ಕಂಡಿತು, ಅಷ್ಟೇ. ಎದುರಿಗಿದ್ದವರ ಜೋರು ಮಾತು, ತುಟಿಯ ಅಲುಗಾಟ — ಇವೆರಡೇ ಇಷ್ಟು ದಿನ ನಡೆಸಿಕೊಂಡು ಬಂದಿದ್ದವು. ಮನೆಯಲ್ಲಿ ಕುಕ್ಕರ್ ಕೂಗಿದ್ದು ಗೊತ್ತಾಗದ್ದು, ಬಾಗಿಲ ಬೆಲ್ ಗೊತ್ತಾಗದ್ದು... "ಎಲ್ಲಿದೆ ನಿನ್ನ ಧ್ಯಾನ?" ಎಂದು ಇವರು ರೇಗಿಸಿದ್ದು...
ಭಯವಾಗುತ್ತಿದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳದು.

ಮಾರ್ಚ್ 12
ಹೇಳೋಣವೆಂದೇ ಯಜಮಾನರ ಕೋಣೆಗೆ ಹೋದೆ. ಫ್ಯಾನ್ ಕೆಟ್ಟಿದೆ ಎಂದು ಹೇಳಿ ಬಂದೆ. ಫ್ಯಾನ್ ಚೆನ್ನಾಗಿಯೇ ಇದೆ.

ಮಾರ್ಚ್ 14, ಮಧ್ಯಾಹ್ನ
ನಾದಿನಿ ಡ್ರಾಯರ್ ಖಾಲಿ ಮಾಡುತ್ತಿದ್ದಾಳೆ. ಬೆಳಿಗ್ಗೆ ತಾನೇ ಹೋಗಿ ಒಪ್ಪಿಕೊಂಡು ಬಂದಳಂತೆ — ತಟ್ಟುವುದು ಮರೆತೆ, ತಪ್ಪು ನನ್ನದೇ ಎಂದು.
"ಹುಚ್ಚೇನೇ ನಿಂಗೆ? ಯಾಕೆ ಸುಳ್ಳು ಹೇಳ್ದೆ?"
ನನ್ನ ಕಡೆಗೆ ನೇರವಾಗಿ ತಿರುಗಿ, ನಿಧಾನವಾಗಿ ಬಾಯಿ ಆಡಿಸುತ್ತ ಹೇಳಿದಳು. "ನಂಗೆ ಯಾವಾಗ್ಲೋ ಗೊತ್ತಾಯ್ತು ಅತ್ತಿಗೆ. ಅದಕ್ಕೇ ಜೋರಾಗಿ ಓದ್ತಿದ್ದೆ. ತಟ್ಟಿದ್ದೂ ಕೇಳಿಸ್ತಿಲ್ಲ ಅಂತ ಮಾತ್ರ ಆಗ ಹೊಳೀಲಿಲ್ಲ. ಅಣ್ಣಂಗೆ ಹೇಳಿಲ್ಲ, ಹೆದರ್ಕೋಬೇಡಿ."
ಅಳು ಬಂತು. ಅವಳ ಚೀಲ ಕಿತ್ತುಕೊಂಡು ಕುರ್ಚಿಯ ಮೇಲೆ ಎಸೆದೆ. "ಕೂತ್ಕೋ. ಅಲ್ಲಾಡಿದ್ರೆ ನೋಡು!"
ಯಜಮಾನರು ಊಟಕ್ಕೆ ಹೋಗಿದ್ದಾರೆ. ಅವರು ಬರುವವರೆಗೆ ಬರೆಯುತ್ತಿರುತ್ತೇನೆ, ಸುಮ್ಮನೆ ಕೂತರೆ ಧೈರ್ಯ ಜಾರುತ್ತದೆ.
ಬಂದರು.
ನಾದಿನಿ ಬೇಡ ಬೇಡ ಎನ್ನುತ್ತಿರಬೇಕು. ನಾನು ಆ ಕಡೆ ನೋಡುತ್ತಿಲ್ಲ. ನೋಡದಿದ್ದರೆ ಕೇಳಿಸುವುದಿಲ್ಲ, ಒಳ್ಳೆಯದೇ ಆಯಿತು. ಎದ್ದೆ. ಮೊದಲು ಹೇಳಬೇಕಾದ್ದು, ಅವಳು ತಟ್ಟಿದ್ದಳು. ಆಮೇಲೆ —