ಕೆಂಪು ಗೆರೆಯ ಈಚೆ

ಮಾನ್ಯ ವಿಭಾಗ ಮುಖ್ಯಸ್ಥರಿಗೆ,

ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವಳು ನಮ್ಮ ಪ್ರಯೋಗಾಲಯದ ದೊಡ್ಡ ಆಯಸ್ಕಾಂತದ ಹತ್ತಿರ ಹೋಗಬಾರದು ಎಂದಿರಿ. ಒಪ್ಪಿದೆ. ಅದು ಚಾಲೂ ಇರುವಾಗ, ನೆಲಮಾಳಿಗೆಯಲ್ಲಿ ಅದರ ಸುತ್ತ ಎಳೆದ ಕೆಂಪು ಗೆರೆ ದಾಟುವುದಿಲ್ಲ. ಆದರೆ ಅದೇ ನೆಪದಲ್ಲಿ ನನ್ನನ್ನು ಉಗ್ರಾಣಕ್ಕೆ ಹಾಕಿದ್ದನ್ನು ಒಪ್ಪುವುದಿಲ್ಲ.

ಆಯಸ್ಕಾಂತ ಕಣಗಳ ದಾರಿಯನ್ನು ಬಾಗಿಸುತ್ತದೆ. ನಿಧಾನದ್ದು ಸುರುಳಿ ಸುತ್ತುತ್ತದೆ, ರಭಸದ್ದು ಬಾಗಿಯೂ ಬಾಗದಂತೆ ಹೋಗುತ್ತದೆ. ಎಷ್ಟು ಬಾಗಿತೆಂದು ನೋಡಿ ರಭಸ ಅಳೆಯುವುದು ಮೇಲಿನ ಕೋಣೆಯಲ್ಲಿ, ಪರದೆಯ ಮುಂದೆ ಕೂತು. ಕೆಳಗೆ ನಿಂತು ಕಣ ಹಿಡಿದವರನ್ನು ನಾನಂತೂ ಕಂಡಿಲ್ಲ.

“ಕೊಟ್ಟ ಕಡೆ ಸುಮ್ನೆ ಕೂತ್ಕೊಳ್ಳಮ್ಮ, ಸಂಬಳ ಬರತ್ತಲ್ಲ” ಎಂದರು ನಮ್ಮತ್ತೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ತಾಳ ತಪ್ಪಿದ್ದು ಎದೆ, ತಲೆಯಲ್ಲ.

ಸೋಮವಾರ ಬರುತ್ತೇನೆ. ಮೇಲಿನ ಕೋಣೆಯಲ್ಲಿ ನನ್ನ ಕುರ್ಚಿಯ ಮೇಲಿಟ್ಟ ಡಬ್ಬಗಳನ್ನು ತೆಗೆಸಿಡಿ. ಆಯಸ್ಕಾಂತ ಚಾಲೂ ಮಾಡುವ ಗುಂಡಿಯೂ ಆ ಕೋಣೆಯಲ್ಲೇ ಇದೆ. ಒತ್ತುವವಳು ನಾನೇ.

ಇಂತಿ,
ಉಗ್ರಾಣದ ಬೀಗದ ಕೈ ಹಿಂದಿರುಗಿಸಿರುವ
ನಿಮ್ಮ ಹಳೆಯ ಸಹೋದ್ಯೋಗಿ