ಉರಿಯದ ಬೆರಳು

ಮೋರಟಗಿ
೧೨-೧-೧೯೯೭

ಕಥೆಗಾರ್ತಿ ವಿಜಯಲಕ್ಷ್ಮಿ ಅಕ್ಕನವರಿಗೆ ಶರಣು.

ವಾರಪತ್ರಿಕೆಯಲ್ಲಿ ಬಂದ ನಿಮ್ಮ ಕಥೆಯನ್ನು ನಿನ್ನೆ ಅತ್ತೆಗೆ ಓದಿ ಹೇಳಿದೆ. ಹೊಸ ಸೊಸೆಯ ಬೆರಳು ಕಾದ ಹಂಚಿಗೆ ತಗಲುವ ಸಾಲು ಬಂದಾಗ ಅತ್ತೆ ತಮ್ಮ ಕೈಯನ್ನೇ ಹಿಂದಕ್ಕೆ ಎಳೆದುಕೊಂಡರು. ನಾನೂ ಬೆರಳು ಮುದುರಿಕೊಂಡೆ. ಆಗಲೇ ಅದರ ಮೇಲಿನ ಗುಳ್ಳೆ ಕಂಡಿತು. ಬೆಳಿಗ್ಗೆ ರೊಟ್ಟಿ ಮಾಡುವಾಗ ಸುಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ.

"ಭಾಳ ಉರಿಯಾಕತ್ತೈತೇನು?" ಎಂದು ಅತ್ತೆ ಗುಳ್ಳೆ ನೋಡಿ ಕೇಳಿದರು.

"ಹೌದ್ರಿ ಅತ್ತಿ," ಎಂದು ನೀವು ಬರೆದ ಮಾತುಗಳಲ್ಲೇ ಆ ಉರಿಯನ್ನು ಹೇಳಿದೆ.

ಮೊಣಕೈ ಹತ್ತಿರ ಒಂದು ಬಿಳಿ ಮಚ್ಚೆಯೂ ಇದೆ. ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಯಾವ ಡಾಕ್ಟರಿಗೆ ತೋರಿಸಲಿ? ಉತ್ತರ ಮನೆಗೆ ಬೇಡ, ಸಿಂದಗಿಯ ನನ್ನ ತಂಗಿಯ ವಿಳಾಸಕ್ಕೆ ಕಳಿಸಿ. ಹಿಂಬದಿಯಲ್ಲಿ ಬರೆದಿದ್ದೇನೆ.

ಗುಳ್ಳೆ ಒಡೆದರೆ ಹೇಗೆ ನೋಯುತ್ತದೆ ಎಂಬುದನ್ನೂ ತಿಳಿಸಿ. ಅತ್ತೆ ಕೇಳಿದರೆ ಹೇಳಬೇಕು.

ನಿಮ್ಮ ಓದುಗಿ,
ಗೌರಾಬಾಯಿ