ಬೀಸುವ ಹೊತ್ತಿನ ಅಂಜಿಕೆ

ದುಂಡಸಿ, ಹೊಲದ ಗುಡಿಸಲು
೧೨ ನವೆಂಬರ್ ೧೯೩೭, ಶುಕ್ರವಾರ

ಕೂಡಿದ ಮಹಾಜನರೇ, ಕೇಳಿರಿ! ರಂಗದ ಮೇಲೆ ಗರ್ಜಿಸುವ ಈ ಭೀಮಸೇನನಿಗೆ, ಪ್ಲೇಗು ತಮ್ಮನನ್ನು ಒಯ್ದ ಮೇಲೆ, ಎಂಟು ದಿನದಿಂದ ನಿದ್ದೆಯಿಲ್ಲ. ಊರು ಬಿಟ್ಟು ಹೊಲಕ್ಕೆ ಬಂದರೂ ದಿನವಿಡೀ ಕಂಕುಳಲ್ಲಿ ಪ್ಲೇಗಿನ ಗಂಟು ಎದ್ದಿದೆಯೇ ಎಂದು ಹುಡುಕುತ್ತೇನೆ. ಪಕ್ಕದ ಗುಡಿಸಲಿನ ಯಂಕವ್ವ ಮಗನನ್ನೇ ಕಳೆದುಕೊಂಡವಳು; ಆದರೂ ಗೊರಕೆ ಹೊಡೆಯುತ್ತಾಳೆ. ಅದು ಹೇಗೆ? ಇಂದು ಕೇಳಿಯೇ ಬಿಟ್ಟೆ.

“ನಿನಗ ಅಂಜಿಕಿ ಇಲ್ಲೇನಬೇ ಯವ್ವಾ?”

“ಐತೋ ನನ್ನಪ್ಪಾ! ನಸಕಿನ್ಯಾಗ ಬೀಸೂ ಮುಂದ ಅಂಜ್ತೇನಿ, ಅಳ್ತೇನಿ, ಮಗನ್ನ ಹಾಡಿ ಕರೀತೇನಿ. ಹಿಟ್ಟು ಆತಂದ್ರ ಎದ್ದುಬಿಡ್ತೇನಿ. ನೀ ದಿನಾ ಪೂರ್ತಿ ಅಂಜ್ತಿ, ಒಂದು ರೊಟ್ಟಿಗೂ ಹಿಟ್ಟಾಗೂದಿಲ್ಲ!”

ಅಳುವಿಗೂ ಒಂದು ಹೊತ್ತು ಗೊತ್ತುಮಾಡಬಹುದೇ? ತಮ್ಮನಿಗಾಗಿ ನಾನಿನ್ನೂ ಅತ್ತೇ ಇಲ್ಲ. ಗಂಡಸು ಬೀಸಿದನೆಂದು ಗುಡಿಸಲುಗಳೆಲ್ಲ ನಗಲಿ, ನಾಳೆ ನಸುಕಿನಲ್ಲಿ ಅವಳ ಬೀಸುಕಲ್ಲಿನ ಎದುರು ಕೂರುತ್ತೇನೆ.